ಒಂಬತ್ತನೆಯ ಹೆಸರು

ಶಿಗ್ಗಾವಿಯಲ್ಲಿ ನಮ್ಮ ಮನೆಗೂ ಅಪ್ಪನ ಹಿಟ್ಟಿನ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಿಗ್ಗೆ ಗಿರಣಿ ಶುರುವಾಯಿತೆಂದರೆ ಅಡಿಗೆಮನೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ತಾಟುಗಳು ಸಣ್ಣಗೆ ನಡುಗತೊಡಗುತ್ತಿದ್ದವು. ಅವ್ವ ದಿನಕ್ಕೆ ಮೂರು ಸಲ ಒರೆಸಿದರೂ ಸಂಜೆಯ ಹೊತ್ತಿಗೆ ದೇವರ ಜಗಲಿಯ ಮೇಲೆ, ಹಾಸಿಗೆಯ ಸುರುಳಿಯ ಮೇಲೆ, ಕುಡಿಯುವ ನೀರಿನ ಕೊಡದ ಮುಚ್ಚಳದ ಮೇಲೆ ಜೋಳದ ಹಿಟ್ಟಿನ ತೆಳು ಪದರ ಕೂತಿರುತ್ತಿತ್ತು. ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ ಎತ್ತಿ ನಾವು ಮನೆಮಂದಿಯೆಲ್ಲ ಗಟ್ಟಿಯಾಗಿ ಮಾತಾಡುವವರೇ ಆಗಿದ್ದೆವು. ಹೊಸದಾಗಿ ಬಂದ ಬೀಗರು ಉಪ್ಪು ಕೇಳಿದ್ದನ್ನೂ ಜಗಳವೆಂದು ತಿಳಿದು ಗಾಬರಿಯಾದದ್ದುಂಟು. ಆದರೆ ಕರೆಂಟ್ ಹೋದಾಗ ಮಾತ್ರ ಎಲ್ಲ ಒಮ್ಮೆಲೇ ಸ್ತಬ್ಧವಾಗಿ, ಗೋಡೆಯ ಆಚೆಯ ಒಂದೊಂದು ಮಾತೂ ಪಡಸಾಲೆಗೆ ಕೇಳಿಸುತ್ತಿತ್ತು. ಬೀಸಲು ಬಂದವರು ಡಬ್ಬಿ, ಬುಟ್ಟಿಗಳನ್ನು ಸಾಲಿಗಿಟ್ಟು ಗಿರಣಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಕರೆಂಟ್ ಯಾವಾಗ ಬರುವುದೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಲ್ಲಿಯವರೆಗೆ ಮಾತೇ ಕೆಲಸ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದ ವರ್ಷ ಆ ಕಟ್ಟೆಯ ಮೇಲೆ ಮಳೆ ಬೆಳೆಯ ಮಾತು ಹಿಂದೆ ಸರಿದು ಖೋ-ಖೋ ಮುಂದೆ ಬಂದಿತ್ತು. ಹಿಂದಿನ ವರ್ಷ ನಮ್ಮ ಹೆಣ್ಣುಮಕ್ಕಳ ಶಾಲೆಯ ತಂಡ ಹಾನಗಲ್ಲಿಗೆ ಹೋಗಿ, ಹೀನಾಯವಾಗಿ ಸೋತು, ಬಸ್ಸಿನಲ್ಲಿ ಅಳುತ್ತ ವಾಪಸಾಗಿತ್ತು. ಈ ಸಲ ಹಾನಗಲ್ಲದವರು ನಮ್ಮೂರಿಗೆ ಬರುವವರಿದ್ದರು. ಆಟ ಕಲಿಸುವ ಡ್ರಿಲ್ ಅಕ್ಕೋರು ಬಾಡಿಗೆಗಿದ್ದದ್ದು ನಮ್ಮ ಮನೆಯದೇ ಮಗ್ಗುಲ ಕೋಣೆಯಲ್ಲಿ. ಮದುವೆಯಾಗಿರಲಿಲ್ಲ, ಮಾತು ಕಡಿಮೆ, ಕೊರಳಲ್ಲಿ ಸದಾ ಒಂದು ಸೀಟಿ. ಅವರ ಕಿಟಕಿ ಗಿರಣಿಯ ಕಟ್ಟೆಯ ಕಡೆಗೇ ತೆರೆಯುತ್ತಿದ್ದರಿಂದ, ಊರಿನವರ ಅಭಿಪ್ರಾಯವೆಲ್ಲ ಅವರ ಕಿವಿಗೆ ಬೀಳಲಿ ಎಂದೇ ಕಟ್ಟೆಯ ಮಂದಿ ಆ ಕಡೆ ಮುಖ ಮಾಡಿ ವಾದಿಸುತ್ತಿದ್ದರು. ಅಕ್ಕೋರ ನೋಟುಬುಕ್ಕಿನಲ್ಲಿ ಎಂಟು ಹೆಸರು ಗಟ್ಟಿಯಾಗಿದ್ದವು. ಒಂಬತ್ತನೆಯದು ಖಾಲಿ ಇತ್ತು. ಆ ಜಾಗಕ್ಕೆ ಇಬ್ಬರು. ಒಬ್ಬಳು ನಾನು, ಶಕ್ಕು. ಇನ್ನೊಬ್ಬಳು ನಮ್ಮ ಮನೆಯಲ್ಲೇ, ನನ್ನ ಹಾಸಿಗೆಯಲ್ಲೇ ಮಲಗುತ್ತಿದ್ದ ಗಿರಿಜಾ.

ಗಿರಿಜಾ ನಮ್ಮ ದೊಡ್ಡಪ್ಪನ ಮಗಳು. ದುಂಡಸಿಯಲ್ಲಿ ಅವರದು ಹೊಲಮನೆ. ಏಳನೆಯ ಇಯತ್ತೆ ಮುಗಿದ ಮೇಲೆ ಹುಡುಗಿ ಜಾಣೆ ಇದ್ದಾಳೆ, ಓದಲಿ ಎಂದು ಅಪ್ಪನೇ ಅಣ್ಣನಿಗೆ ಗಂಟುಬಿದ್ದು ಅವಳನ್ನು ಕರೆತಂದಿದ್ದ. ನನಗಿಂತ ಎಂಟು ತಿಂಗಳಿಗೆ ದೊಡ್ಡವಳು. ಅಕ್ಕ ಅನ್ನು ಎಂದು ಅವ್ವ ಎಷ್ಟು ಹೇಳಿದರೂ ನಾನು ಅನ್ನಲಿಲ್ಲ. ಅವಳು ಬರುವ ಮೊದಲು ಬೆಳಗಿನ ಹಾಲಿನ ಕೆನೆ ನನ್ನದಾಗಿತ್ತು. ಬಂದ ಮೇಲೆ ದಿನ ಬಿಟ್ಟು ದಿನ ಹಂಚಿಕೆಯಾಯಿತು. ಅವ್ವ ರೊಟ್ಟಿ ಬಡಿಯುವಾಗ ಮೊದಲ ಬಿಸಿ ರೊಟ್ಟಿ ಯಾರ ತಾಟಿಗೆ ಬೀಳುತ್ತದೆ, ಶೇಂಗಾ ಚಟ್ನಿಯ ಮೇಲೆ ಯಾರಿಗೆ ಎಣ್ಣೆ ಹೆಚ್ಚು ಬಿತ್ತು, ಸಂತೆಯಿಂದ ಬಂದ ರಿಬ್ಬನ್ನಿನಲ್ಲಿ ಯಾರದು ಉದ್ದ, ಇವೆಲ್ಲವನ್ನೂ ನಾನು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಗಿರಿಜಾ ಯಾವುದನ್ನೂ ಅಳೆಯುತ್ತಿರಲಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ಕೆನೆ ನನಗೇ ಬೇಕೆಂದರೆ ಬಟ್ಟಲನ್ನು ನನ್ನತ್ತ ನೂಕಿ ಎದ್ದು ಹೋಗುತ್ತಿದ್ದಳು. ಆಗ ಅವ್ವ ನನ್ನನ್ನು ನೋಡುತ್ತಿದ್ದ ರೀತಿಗೆ ಕೆನೆಯ ರುಚಿಯೇ ಹೋಗುತ್ತಿತ್ತು.

ಖೋ-ಖೋ ನನ್ನ ಆಟವಾಗಿತ್ತು. ಎರಡು ವರ್ಷದಿಂದ ನಾನು ಆಡುತ್ತಿದ್ದೆ. ನಿಯಮವೆಲ್ಲ ಬಾಯಿಪಾಠ, ಖೋ ಕೊಡುವಾಗ ದನಿ ಸ್ಪಷ್ಟ, ಒಂದು ಫೌಲೂ ಇಲ್ಲ. ನೀನೂ ಬಾ ಎಂದು ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋದವಳೂ ನಾನೇ. ಅವಳು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಓಡತೊಡಗಿದಾಗ ಅಕ್ಕೋರ ಬಾಯಲ್ಲಿದ್ದ ಸೀಟಿ ಹಾಗೇ ನಿಂತಿತು. ಸಾಲಿನಲ್ಲಿ ಕೂತ ಎಂಟು ಹುಡುಗಿಯರ ನಡುವೆ ಅವಳು ಹಾವು ಸರಿದಂತೆ ಸರಿದು ಹೋಗುತ್ತಿದ್ದಳು. ಹಿಡಿದೆ ಎಂದು ಕೈ ಚಾಚಿದರೆ ಅಲ್ಲಿ ಬರೀ ಗಾಳಿ. ಆ ದಿನ ಮನೆಗೆ ಬರುವ ದಾರಿಯಲ್ಲಿ ನಾನು ಅವಳೊಂದಿಗೆ ಮಾತಾಡಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಸುಳ್ಳು ಹೇಳಿ ಹಿಂದೆ ಉಳಿದೆ. ಅವಳು ನಿಂತು, ಕೂತು, ನನ್ನ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಇಲ್ಲದ ಮುಳ್ಳನ್ನು ಬಹಳ ಹೊತ್ತು ಹುಡುಕಿದಳು.

ಆಟಕ್ಕೆ ಐದು ದಿನ ಇರುವಾಗ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಗೋಡೆಯ ಆಚೆ ಮೊದಲು ಕೇಳಿಸಿದ್ದು ಇಮಾಂಬಿಯ ದನಿ. ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದ ಅವಳಿಗೆ ಊರಿನ ಎಲ್ಲ ಹೆಣ್ಣುಮಕ್ಕಳ ಮುಂಗೈ ಗೊತ್ತಿತ್ತು. ಗಿರಿಜಾ ಎಂದರೆ ಅವಳಿಗೆ ಜೀವ. ಅವಳಿಗೆ ಸರಿಸಮಾನ ವಾದಿಸುವವನು ಟೇಲರ್ ಗಂಗಪ್ಪ. ತಂಡದ ಹುಡುಗಿಯರಿಗೆ ಈ ಸಲ ಲಂಗದ ಬದಲು ನೀಲಿ ಚಡ್ಡಿ, ಬಿಳಿ ಅಂಗಿ ಆಗಬೇಕೆಂದು ಅಕ್ಕೋರು ಹೇಳಿದ್ದರಿಂದ, ಅವನ್ನು ಹೊಲಿಯುತ್ತಿದ್ದ ಗಂಗಪ್ಪನಿಗೆ ತಾನೂ ತಂಡದವನೇ ಎಂಬ ಗತ್ತು ಬಂದಿತ್ತು.

"ಗಿರಿಜಾ ಇಲ್ದಿದ್ರ ಆಟ ಆದಂಗ ಬಿಡ್ರಿ," ಅಂದಳು ಇಮಾಂಬಿ. "ನಿನ್ನೆ ನೋಡೇನಿ ನಾ. ಗಾಳಿ ಓಡಿದಂಗ ಓಡ್ತಾಳ ಹುಡುಗಿ."

"ಓಡೂದೊಂದ ಆಟ ಅಲ್ಲಬೇ," ಗಂಗಪ್ಪ ಅಂದ. "ಖೋ ಅನ್ನೂದ ಮರೀತಾಳ ಅಕಿ. ಎರಡ ಫೌಲ್ ಆದ್ರ ಆತು, ಹಾನಗಲ್ಲದವರು ಚಪ್ಪಾಳಿ ಹೊಡೀತಾರ. ಶಕ್ಕು ನೋಡು, ಎರಡು ವರ್ಷದಾಗ ಒಂದ ತಪ್ಪು ಮಾಡಿಲ್ಲ."

"ತಪ್ಪು ಮಾಡಿಲ್ಲ, ಖರೆ. ಒಬ್ಬರನ್ನರ ಹಿಡದಾಳೇನ?"

ಯಾರೋ ನಕ್ಕರು. ನನ್ನ ಕೈಯಲ್ಲಿದ್ದ ಅಕ್ಕಿ ಮೊರದೊಳಗೆ ಉದುರಿತು. ಗಂಗಪ್ಪ ಬಿಡಲಿಲ್ಲ. ಹೋದ ವರ್ಷ ಇಂಥ ಹುಡುಗಿ ಕಂಬದ ಹತ್ತಿರ ಹೇಗೆ ಎಡವಿದಳು, ಅನುಭವ ಇದ್ದವಳಾದರೆ ಹೇಗೆ ಎಡವುತ್ತಿರಲಿಲ್ಲ ಎಂದು ಎದ್ದು ನಿಂತು ಕಾಲು ಚಾಚಿ ತೋರಿಸಿದಂತೆ ಕೇಳಿಸಿತು. ಒಬ್ಬೊಬ್ಬರೂ ತಮ್ಮ ತಮ್ಮ ತಂಡ ಕಟ್ಟಿದರು. ಕಡೆಗೆ ಇಮಾಂಬಿಯೇ ಅಪ್ಪನನ್ನು ಕೇಳಿದಳು.

"ಸಾಹುಕಾರ್ರ, ಎರಡೂ ನಿಮ್ಮ ಮನಿ ಹುಡುಗ್ಯಾರ. ನೀವು ಹೇಳ್ರಿ, ಯಾರಿರಬೇಕು?"

ನಾನು ಗೋಡೆಗೆ ಕಿವಿ ಹಚ್ಚುವ ಅಗತ್ಯ ಇರಲಿಲ್ಲ. ಆದರೂ ಹಚ್ಚಿದೆ. ಅಪ್ಪ ಯಾವುದೋ ಡಬ್ಬಿಯ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಆ ಹೊತ್ತಿನಲ್ಲಿ ನಾನು ಗೆದ್ದೆನೆಂದೇ ತಿಳಿದಿದ್ದೆ.

"ಶಕ್ಕು ಚೊಲೋ ಹುಡುಗಿ," ಅಂದ ಅಪ್ಪ. "ಆದ್ರ ಚೊಲೋ ಹುಡುಗಿ ಅಂತ ಹಾನಗಲ್ಲದವರು ನಿಂತು ಔಟಾಗಂಗಿಲ್ಲ. ಆಟ ಗೆಲ್ಲಬೇಕಂದ್ರ ಗಿರಿಜಾನ ಬೇಕು."

ಅವನ ದನಿಯಲ್ಲಿ ಬೇಸರವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಗೋದಿಗೆ ಇಂಥ ಕಲ್ಲು, ಜೋಳಕ್ಕೆ ಇಂಥ ಕಲ್ಲು ಎಂದು ಹೇಳುವ ದನಿಯೇ. ಕಟ್ಟೆಯ ಮೇಲೆ ಮೆಚ್ಚುಗೆಯ ಗುಲ್ಲೆದ್ದಿತು. ಮಗಳನ್ನು ಬಿಟ್ಟು ಮಾತಾಡಿದನಲ್ಲ, ನ್ಯಾಯವಂತ ಎಂದರು. ಅಪ್ಪನ ನ್ಯಾಯ ನನಗೆ ಬೇಕಾಗಿರಲಿಲ್ಲ. ಮರುದಿನ ಶಾಲೆಯಲ್ಲಿ ಅಕ್ಕೋರು ಪಟ್ಟಿ ಓದಿದರು. ಒಂಬತ್ತನೆಯ ಹೆಸರು ಗಿರಿಜಾ. ನಾನು ಎಕ್ಸ್‌ಟ್ರಾ, ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಆಡುವವಳು. ಗಿರಿಜಾ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವರಿತ್ತು. "ನೀನೂ ಇರತೀ ಅಲ್ಲ ಶಕ್ಕು, ಸಾಕು," ಅಂದಳು. ನಾನು ಲಂಗಕ್ಕೆ ಕೈ ಒರೆಸಿಕೊಂಡೆ.

ಮೂರನೆಯ ದಿನ ಸಂತೆ. ದೊಡ್ಡಪ್ಪ ಸಂತೆಗೆ ಬಂದಾಗಲೆಲ್ಲ ಮೊದಲು ಗಿರಣಿಯ ಕಟ್ಟೆಯ ಮೇಲೆ ತುಸು ಕೂತು, ಆಮೇಲೆ ಒಳಗೆ ಬಂದು ಮಜ್ಜಿಗೆ ಕುಡಿದು, ಸವಣೂರ ಎಲೆ ಹಾಕಿಕೊಂಡು ಪಡಸಾಲೆಯ ಕಂಬಕ್ಕೆ ಒರಗುವವನು. ಕಡಿಮೆ ಮಾತಿನ, ಬಿಗಿ ಮನುಷ್ಯ. ಹೆಣ್ಣುಮಕ್ಕಳು ತಲೆ ಎತ್ತಿ ನಕ್ಕರೂ ಅವನಿಗೆ ಆಗುತ್ತಿರಲಿಲ್ಲ. ಆ ಹೊತ್ತಿಗೆ ಅವ್ವ ಹಿತ್ತಲಲ್ಲಿದ್ದಳು, ಗಿರಿಜಾ ಇನ್ನೂ ಮೈದಾನದಿಂದ ಬಂದಿರಲಿಲ್ಲ. ಮಜ್ಜಿಗೆಯ ತಂಬಿಗೆ ಒಯ್ದು ಕೊಟ್ಟವಳು ನಾನು. ಈಗಲೂ ನನಗೆ ನಾನು ಹೇಳಿಕೊಳ್ಳುವುದು ಇದನ್ನೇ: ನಾನು ಸುಳ್ಳು ಹೇಳಲಿಲ್ಲ. ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ.

"ದೊಡ್ಡಪ್ಪಾ, ನಾಡದು ಗಿರಿಜಾ ಚಡ್ಡಿ ಹಾಕ್ಕೊಂಡು ಊರ ಮಂದಿ ಮುಂದ ಓಡಾಕಿ ಅದಾಳ. ನೋಡಾಕ ಬರ್ತಿ ಹೌದಲ್ಲೋ?"

ಅವನು ತಂಬಿಗೆಯನ್ನು ಪೂರ್ತಿ ಕುಡಿದು ಕೆಳಗಿಟ್ಟ. ಎಲೆಯ ಸಂಚಿಯನ್ನು ಬಿಚ್ಚದೆ ಹಾಗೇ ಬಗಲಿಗೆ ಇಟ್ಟುಕೊಂಡ. ಗಿರಿಜಾ ಹೊಸ್ತಿಲು ದಾಟುತ್ತಿದ್ದಂತೆಯೇ ಎದ್ದು ನಿಂತ.

"ಅರಿವಿ ಕಟ್ಟು. ಸಂಜಿ ಬಸ್ಸಿಗೆ ಊರಿಗೆ ಹೋಗೂದೈತಿ."

ಗಿರಿಜಾಗೆ ಏನಾಯಿತೆಂದು ತಿಳಿಯಲಿಲ್ಲ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತ ಓಡಿ ಬಂದಳು. ಅಪ್ಪ ಗಿರಣಿಯ ಬಾಗಿಲಿನಿಂದ ಒಳಗೆ ಬಂದ. ರೆಪ್ಪೆಯ ಮೇಲೂ ಹಿಟ್ಟು.

"ಏನಾತಣ್ಣಾ?"

"ಸಾಲಿ ಕಲಸ್ತೇನಂತ ಕರಕೊಂಡು ಬಂದಿ. ಚಡ್ಡಿ ಹಾಕಿ ಕುಣಸ್ತೇನಂತ ಹೇಳಿದ್ದಿಲ್ಲ."

"ಯಾರು ಹೇಳಿದ್ರು ನಿನಗ?"

ನಾನು ಖಾಲಿ ತಂಬಿಗೆಯನ್ನು ಎತ್ತಿಕೊಂಡೆ. ದೊಡ್ಡಪ್ಪ ನನ್ನತ್ತ ನೋಡಲಿಲ್ಲ.

"ಗಿರಣಿ ಕಟ್ಟಿ ಮ್ಯಾಲೆ ಕುಂತಿದ್ದೆ. ನನಗೂ ಕಿವಿ ಅದಾವು."

ಆ ದಿನ ಕಟ್ಟೆಯ ಮೇಲೆ ಅವನ ಮಗ್ಗುಲಿಗೆ ಕೂತಿದ್ದವಳು ಇಮಾಂಬಿ. ಗಿರಿಜಾಳ ಹೊಗಳಿಕೆ ಅವಳ ಬಾಯಲ್ಲಿ ಸದಾ ಇರುವಂಥದ್ದು. ಗಿರಿಜಾ ತಂದೆಯ ಮಾತನ್ನು ಕೇಳಿ ಗಿರಣಿಯ ಬಾಗಿಲಾಚೆ ಕೂತ ಇಮಾಂಬಿಯ ಕಡೆ ನೋಡಿದಳು. ಅವಳು ಏನು ತಿಳಿದುಕೊಂಡಳೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಾನು ಸುಮ್ಮನಿದ್ದೆ.

ಅಣ್ಣತಮ್ಮಂದಿರ ದನಿ ಏರಿತು. ಅಪ್ಪ ತನ್ನ ಅಣ್ಣನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅಷ್ಟರಲ್ಲಿ ಗಿರಣಿಯ ಬಾಗಿಲಿನಿಂದ ಕಟ್ಟೆಯ ಮಂದಿ ಒಬ್ಬೊಬ್ಬರಾಗಿ ಪಡಸಾಲೆಗೆ ಬಂದರು. ಎಲ್ಲರಿಗಿಂತ ಮುಂದೆ ಇಮಾಂಬಿ, ಹಿಟ್ಟಿನ ಡಬ್ಬಿ ಇನ್ನೂ ಕಂಕುಳಲ್ಲೇ. ನೇರ ದೊಡ್ಡಪ್ಪನ ಮುಂದೆ ಬಂದು ನಿಂತಳು.

"ಸಾಹುಕಾರ್ರ, ಸಿಟ್ಟಾಗಬ್ಯಾಡ್ರಿ. ನನಗೂ ಮೂರು ಹೆಣ್ಮಕ್ಕಳದಾರ. ಮರ್ಯಾದಿ ನನಗೂ ತಿಳೀತೈತಿ. ಮೈ ತುಂಬ ಅರಿವಿ ಹಾಕಿಸೂಣು. ಆದ್ರ ಹುಡುಗಿನ್ನ ಓಡಾಕ ಬಿಡ್ರಿ."

ಅವಳ ಬೆನ್ನ ಹಿಂದಿನಿಂದ ಗಂಗಪ್ಪ ಮುಂದೆ ಬಂದ. ಕೊರಳಲ್ಲಿ ಟೇಪು ಹಾಗೇ ಇತ್ತು.

"ನಾ ಅಕಿ ಬ್ಯಾಡ ಅಂದಾವ್ರಿ. ಎಲ್ಲಾರಿಗೂ ಗೊತ್ತೈತಿ. ಆದ್ರ ಅಕ್ಕೋರು ಆರಿಸಿದ ಮ್ಯಾಲೆ ಅಕಿ ನಮ್ಮಾಕಿ. ಚಡ್ಡಿ ಬ್ಯಾಡಂದ್ರ ಬ್ಯಾಡ. ಒಂದು ತಾಸು ಕೊಡ್ರಿ, ಹಿಮ್ಮಡಿಮಟ ಪಾಯಿಜಾಮಾ ಹೊಲೀತೇನಿ."

ಕೋಣೆಯಿಂದ ಅಕ್ಕೋರೂ ಬಂದು ನಿಂತರು. ಪಾಯಿಜಾಮ ಹಾಕಿ ಆಡಿಸಲು ಹಾನಗಲ್ಲದವರನ್ನು ತಾನು ಒಪ್ಪಿಸುತ್ತೇನೆ ಎಂದರು. ಇಷ್ಟು ಮಂದಿ ತನ್ನ ಮಗಳಿಗಾಗಿ ಕೈಕಟ್ಟಿ ನಿಂತದ್ದನ್ನು ದೊಡ್ಡಪ್ಪ ಜೀವಮಾನದಲ್ಲಿ ಕಂಡಿರಲಿಲ್ಲ. ಎಲೆಯ ಸಂಚಿಯನ್ನು ಬಗಲಿನಿಂದ ತೆಗೆದು ಕೆಳಗಿಟ್ಟ.

"ಒಂದ ಆಟ," ಅಂದ ಕಡೆಗೆ. "ಆದ್ರ ಪರೀಕ್ಷಿ ಮುಗಿದ ಮರುದಿನ ಅಕಿ ಊರಿಗೆ ಬರಬೇಕು. ಸಾಲಿ ಅಲ್ಲಿಗೆ ಸಾಕು. ಒಪ್ಪಿಗಿ ಐತೇನ್?"

ಅಪ್ಪ ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟವಳು ಗಿರಿಜಾ.

"ಹೂಂ ಅಪ್ಪಾ. ಬರ್ತೇನಿ."

ಮಂದಿ ಹೋ ಎಂದು ಸಂತೋಷಪಟ್ಟರು. ಅವಳು ಏನನ್ನು ಕೊಟ್ಟು ಏನನ್ನು ಕೊಂಡಳೆಂದು ಅವರಿಗೆ ಹೊಳೆಯಲಿಲ್ಲ. ಅವ್ವ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. ನಾನು ಬಾಯಿ ಬಿಟ್ಟು, ಹೇಳಿದ್ದು ನಾನೇ ಎಂದಿದ್ದರೆ ಆ ಗದ್ದಲದಲ್ಲಿ ಏನಾದರೂ ಬದಲಾಗುತ್ತಿತ್ತೋ ಇಲ್ಲವೋ. ನನ್ನ ತಲೆಯಲ್ಲಿ ಆಗ ಓಡಿದ್ದು ಬೇರೆಯೇ: ಬೇಸಿಗೆ ಕಳೆದ ಮೇಲೆ ಹಾಸಿಗೆ ನನ್ನೊಬ್ಬಳದೇ, ಕೆನೆ ದಿನಾ ನನ್ನದೇ, ಮುಂದಿನ ವರ್ಷದ ತಂಡದಲ್ಲಿ ಜಾಗವೂ ನನ್ನದೇ.

ಆಟದ ದಿನ ಅಪ್ಪ ಗಿರಣಿ ಮುಚ್ಚಿದ್ದ. ಮೈದಾನದ ಸುತ್ತ ಊರೇ ನೆರೆದಿತ್ತು. ಹಾನಗಲ್ಲದ ಹುಡುಗಿಯರು ಗಟ್ಟಿಮುಟ್ಟಾದವರು, ಸಾಲಿನಲ್ಲಿ ಕೂತರೆ ಗೋಡೆ ಕಟ್ಟಿದಂತೆ. ಬಿಳಿ ಪಾಯಿಜಾಮದಲ್ಲಿ ಗಿರಿಜಾ ಅಂಗಳಕ್ಕೆ ಇಳಿದಾಗ ಅವರು ಒಬ್ಬರಿಗೊಬ್ಬರು ತಿವಿದು ನಕ್ಕರು. ಅವಳನ್ನು ಹಿಡಿಯಲು ಹೋಗುವ ತನಕ ನಕ್ಕರು. ನಾನು ಗೆರೆಯ ಆಚೆ ನೀರಿನ ಕೊಡದ ಪಕ್ಕ ಕೂತಿದ್ದೆ. ಹಿಂದೆ ಇಮಾಂಬಿ, ಗಂಗಪ್ಪ, ಅವರ ಹಿಂದೆ ಬೇವಿನ ಮರದ ಕೆಳಗೆ ದೊಡ್ಡಪ್ಪ. ಪ್ರತಿ ಸಲ ಅವಳು ತಪ್ಪಿಸಿಕೊಂಡಾಗ ಏಳುತ್ತಿದ್ದ ಕೂಗು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಅವಳು ಎಡವಲಿ ಎಂದು ನಾನು ಬೇಡಿಕೊಂಡದ್ದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದು ಉಪಯೋಗವಿಲ್ಲ.

ಕಡೆಯ ಸರದಿ ಬಂತು. ನಾವು ಓಡಬೇಕು, ಅವರು ಹಿಡಿಯಬೇಕು. ನಾವು ಮುಂದಿದ್ದೆವು, ಆದರೆ ಬಹಳ ಮುಂದೇನಲ್ಲ. ನಡುವಿನ ಬಿಡುವಿನಲ್ಲಿ ಗಿರಿಜಾ ಸೊಂಟವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಬಳಿ ಓಡಿ ಬಂದಳು. ಮುಖದ ಬಣ್ಣವೇ ಹೋಗಿತ್ತು.

"ಶಕ್ಕು, ಲಾಡಿ ಹರೀತು. ಪಿನ್ನೈತೇನ?"

ನನ್ನ ಅಂಗಿಯ ಎದೆಯ ಗುಂಡಿ ಹೋಗಿ ಅಲ್ಲಿ ಒಂದು ದೊಡ್ಡ ಪಿನ್ನು ಚುಚ್ಚಿಕೊಂಡಿದ್ದೆ. ಕೈ ಅದರ ಮೇಲೆ ಹೋಯಿತು, ಅಲ್ಲೇ ನಿಂತಿತು. ಇಲ್ಲ ಎನ್ನುತ್ತಿದ್ದೆನೋ ಏನೋ. ಹಿಂದಿನಿಂದ ಇಮಾಂಬಿ, "ಕೊಡು ಬೇಟಿ, ಲಗೂ ಕೊಡು," ಅಂದಳು. ಅವಳು ನೋಡಿಬಿಟ್ಟಿದ್ದಳು. ಕೊಟ್ಟೆ. ಒಳ್ಳೆಯತನದಿಂದಲ್ಲ, ಕಂಡವರಿದ್ದರು ಎಂದು. ಉಳಿದ ಆಟವನ್ನು ಎದೆಯ ಮೇಲೆ ಅಂಗಿಯನ್ನು ಕೈಯಿಂದ ಒತ್ತಿ ಹಿಡಿದುಕೊಂಡು ನೋಡಿದೆ. ನಮ್ಮ ಎಂಟೂ ಮಂದಿ ಔಟಾದರು. ಗಿರಿಜಾ ಒಬ್ಬಳೇ ಉಳಿದಳು. ಅವಳನ್ನು ಹಿಡಿದರೆ ಆಟ ಸರಿಸಮ. ಹಾನಗಲ್ಲದವರು ಸಾಲಿನ ಉದ್ದಕ್ಕೂ ಖೋ, ಖೋ ಎಂದು ಎದ್ದೆದ್ದು ಬಂದರು. ಕಂಬದ ಹತ್ತಿರ ಒಬ್ಬಳು ನೆಲಕ್ಕೆ ಹಾರಿ ಬಿದ್ದಾಗ ಅವಳ ಬೆರಳಿಗೂ ಗಿರಿಜಾಳ ಪಾಯಿಜಾಮಕ್ಕೂ ನಡುವೆ ಎರಡು ಬೆರಳಿನಷ್ಟೂ ಜಾಗ ಇರಲಿಲ್ಲ. ಆಗಲೇ ಸೀಟಿ ಊದಿತು. ನಾವು ಒಂದೇ ಒಂದು ಅಂಕದಿಂದ ಗೆದ್ದೆವು. ಜನ ಗೆರೆ ದಾಟಿ ನುಗ್ಗಿದರು. ಗಂಗಪ್ಪ ಅತ್ತೇಬಿಟ್ಟ. ದೊಡ್ಡಪ್ಪ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡ, ಮತ್ತೆ ಬಿಚ್ಚಿದ. ಆದರೆ ಮಾತಿಗೆ ತಪ್ಪುವ ಮನುಷ್ಯ ಅವನಲ್ಲ. ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಬಂದು ನಿಂತ.

ಬಸ್ ಸ್ಟ್ಯಾಂಡಿಗೆ ಕಳಿಸಲು ಇಮಾಂಬಿಯೂ ಬಂದಿದ್ದಳು, ಹಸಿರು ಬಳೆಯ ಒಂದು ಸುತ್ತು ಹಿಡಿದುಕೊಂಡು. "ಕೈ ಕೊಡು ಬೇಟಿ," ಅಂದಳು. ಗಿರಿಜಾ ಕೈ ಕೊಡಲಿಲ್ಲ. ಮುಖ ತಿರುವಿ ಬಸ್ಸು ಹತ್ತಿದಳು. ಬಸ್ಸು ಹೋದ ಮೇಲೂ ಇಮಾಂಬಿ ಬಳೆ ಹಿಡಿದ ಕೈಯನ್ನು ಕೆಳಗಿಳಿಸಿರಲಿಲ್ಲ. "ನಾ ಏನ ತಪ್ಪು ಮಾಡೇನಿ ಶಕ್ಕು?" ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಇದು ಸುಳ್ಳು.

ಮುಂದಿನ ವರ್ಷ ತಂಡದಲ್ಲಿ ನನ್ನ ಹೆಸರಿತ್ತು. ಅದಕ್ಕಾಗಿ ಕಟ್ಟೆಯ ಮೇಲೆ ಒಂದು ವಾದವೂ ಆಗಲಿಲ್ಲ. "ಶಕ್ಕುನ್ನ ತಗೋಳ್ರಿ, ಬ್ಯಾರೆ ಯಾರದಾರ?" ಎಂದು ಗಂಗಪ್ಪ ಅಂದದ್ದನ್ನು ಗೋಡೆಯ ಈಚೆಯಿಂದ ಕೇಳಿದೆ. ಆಟ ಹಿರೇಕೆರೂರಿನಲ್ಲಾಯಿತು. ಸೋತೆವು. ನಾನು ಒಂದೂ ಫೌಲ್ ಮಾಡಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ. ಬಸ್ಸಿಳಿದು ಮನೆಗೆ ಬಂದರೆ ಕಟ್ಟೆಯ ಮಂದಿ ಹಳೆಯ ಆಟದ ಮಾತಾಡುತ್ತಿದ್ದರು, ಬಿಳಿ ಪಾಯಿಜಾಮದ ಮಾತು. ಹಾಸಿಗೆ ಅಗಲವಾಗಿತ್ತು, ಹಾಲಿನ ಕೆನೆ ನನಗೊಬ್ಬಳಿಗೇ ಬರುತ್ತಿತ್ತು. ಅವಳು ಮನೆಯಲ್ಲಿ ಇಲ್ಲದಾಗಲೂ ನಾನು ಅವಳನ್ನು ನೆನೆದು ಉರಿಯುತ್ತಲೇ ಇದ್ದೆ.

ಮರುವರ್ಷ ಗಿರಿಜಾಗೆ ಹುಲಗೂರಿನ ಮನೆತನಕ್ಕೆ ಕೊಟ್ಟು ಮದುವೆಯಾಯಿತು. ಅರಿಷಿಣದ ದಿನ ದುಂಡಸಿಯ ಅವರ ಹಿತ್ತಲಲ್ಲಿ ಅವಳ ಕಾಲಿಗೆ ಅರಿಷಿಣ ಹಚ್ಚುತ್ತ ಕೂತಿದ್ದೆ. ಆ ಕಾಲುಗಳು ನನ್ನ ಕೈಯಲ್ಲಿದ್ದವು. ತಂಡದಲ್ಲಿ ಈಗ ಯಾರ್ಯಾರಿದ್ದಾರೆ, ಹಾನಗಲ್ಲದವರು ಹೇಗೆ ಆಡುತ್ತಾರೆ ಎಂದೆಲ್ಲ ಅವಳು ಒಂದೇ ಸಮನೆ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ನಡುವೆ, "ಇಮಾಂಬಿ ಅವತ್ತ ಬಾಯಿ ಮುಚ್ಕೊಂಡು ಕುಂತಿದ್ರ ನಾನೂ ಹತ್ತನೇತ್ತ ಪಾಸಾಗಿರತಿದ್ದೆ," ಅಂದಳು.

"ಇಮಾಂಬಿ ಹೇಳಿಲ್ಲ," ಅಂದೆ. "ನಾ ಹೇಳೇನಿ."

ಅವಳು ನಕ್ಕಳು. ನಾನು ತಲೆ ಎತ್ತದೆ ಇದ್ದದ್ದನ್ನು ಕಂಡು ನಗು ನಿಂತಿತು. ಕಾಲನ್ನು ಮೆಲ್ಲಗೆ ನನ್ನ ಕೈಯಿಂದ ಹಿಂದಕ್ಕೆ ಎಳೆದುಕೊಂಡಳು.

"ಯಾಕ?"

"ಒಂಬತ್ತನೇ ಹೆಸರು ನಂದಾಗಬೇಕಿತ್ತು."

"ನನ್ನ ಕೇಳಿದ್ರ ಕೊಡ್ತಿದ್ದೆ," ಅಂದಳು. ಆಮೇಲೆ ಅವಳ ದನಿ ಬೇರೆಯಾಯಿತು. "ಆ ಮುದುಕಿ ಕೈಯಾಗಿನ ಬಳಿ ಹಾಕ್ಕೊಳ್ಳಲಾರದ ಬಂದೆನಲ್ಲ ನಾ. ಎದ್ದು ಹೋಗು ಶಕ್ಕು. ಮೊದಲ ಅಕಿ ಮುಂದ ಹೇಳು. ಅಲ್ಲೀಮಟ ನನ್ನ ಮುಂದ ಬರಬ್ಯಾಡ."

ಅರಿಷಿಣದ ಕೈಯಲ್ಲೇ ಎದ್ದು ಹೋದೆ. ಮದುವೆಯಲ್ಲಿ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಊರಿಗೆ ಬಂದು ಎಂಟು ದಿನ ಇಮಾಂಬಿಯ ಕಣ್ಣು ತಪ್ಪಿಸಿದೆ. ಒಂಬತ್ತನೆಯ ದಿನ ಅವಳು ಜೋಳ ಬೀಸಲು ಬಂದಾಗ, ಗಿರಣಿ ಭರ್ರೆಂದು ನಡೆಯುತ್ತಿರುವಾಗಲೇ ಹೋಗಿ ಅವಳ ಕಿವಿಯ ಬಳಿ ಹೇಳಿದೆ. ಆ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸಲಿಕ್ಕಿಲ್ಲ ಎಂಬ ಧೈರ್ಯ. ಅವಳಿಗೂ ಕೇಳಿಸಲಿಲ್ಲ. "ಏನು?" ಅಂದಳು. ಮತ್ತೆ ಹೇಳಿದೆ. "ಏನಂದಿ?" ಅಂದಳು. ಮೂರನೆಯ ಸಲ ಜೀವ ಹೋಗುವಂತೆ ಕೂಗಿದೆ. ಅದೇ ಹೊತ್ತಿಗೆ ಅಪ್ಪ, ಜೋಳ ಮುಗಿದು ಗೋದಿ ಹಾಕಲೆಂದು ಬೆಲ್ಟು ಸರಿಸಿ ಗಿರಣಿ ನಿಲ್ಲಿಸಿದ್ದ.

"ದೊಡ್ಡಪ್ಪನ ಮುಂದ ಗಿರಿಜಾನ ಚಾಡಿ ಹೇಳಿದಾಕಿ ನಾನು!"

ಚಕ್ರ ತಾನೇ ತಿರುಗಿ ನಿಂತಿತು. ಡಬ್ಬಿ ಹಿಡಿದ ಏಳೆಂಟು ಮಂದಿ ನನ್ನನ್ನು ನೋಡಿದರು. ಅಪ್ಪ ಗೋದಿಯ ಬುಟ್ಟಿಯನ್ನು ಎತ್ತಿದವನು ಹಾಗೇ ಹಿಡಿದುಕೊಂಡಿದ್ದ. ಇಮಾಂಬಿ ಬಯ್ಯುತ್ತಾಳೆ ಎಂದು ಕಾದೆ. ಅವಳು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಕಿ ಯಾಕ ಮಾರಿ ತಿರುವಿದ್ಲು ಅಂತ ಎರಡು ವರ್ಷ ವಿಚಾರ ಮಾಡೇನಿ. ಎರಡು ವರ್ಷ!" ಆಮೇಲೆ ಡಬ್ಬಿ ಎತ್ತಿಕೊಳ್ಳುತ್ತ, "ಗುರುವಾರ ಹುಲಗೂರು ದರ್ಗಾಕ್ಕ ಹೊಂಟೇನಿ. ನೀನೂ ನಡಿ. ಒಬ್ಬಾಕಿನ ಹೋದ್ರ ಅಕಿ ಬಾಗಲಾ ತಗೀತಾಳೋ ಇಲ್ಲೋ," ಅಂದಳು.

ಅಂದು ಊಟಕ್ಕೆ ಕೂತಾಗ ಅಪ್ಪ ಬಹಳ ಹೊತ್ತು ರೊಟ್ಟಿ ಮುರಿಯಲಿಲ್ಲ. ಸಿಟ್ಟು ಮಾಡುತ್ತಾನೆಂದು ಅವ್ವ ನನ್ನ ಮಗ್ಗುಲಿಗೇ ಕೂತಿದ್ದಳು.

"ಅಣ್ಣ ನಿನ್ನ ಹೆಸರು ಹೇಳಲಿಲ್ಲ, ನನ್ನ ಮುಂದೂ," ಅಂದ. ಆಮೇಲೆ ನನ್ನ ಮುಖ ನೋಡಿ ಕೇಳಿದ: "ಅವತ್ತ ಕಟ್ಟಿ ಮ್ಯಾಲೆ ನಾ ನಿನ್ನ ಹೆಸರು ಹೇಳಬೇಕಿತ್ತೇನವ್ವಾ?"

ಇಲ್ಲ ಎನ್ನಬೇಕಿತ್ತು. ಅಪ್ಪ ಹೇಳಿದ್ದೇ ಖರೆ ಎಂದು ಆಟದ ದಿನ ಊರೇ ಕಂಡಿತ್ತು. ಆದರೂ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವನು ಆಮೇಲೆ ಅದನ್ನು ಮತ್ತೆಂದೂ ಕೇಳಲಿಲ್ಲ. ಅವನು ಇರುವ ತನಕ ನಾನಾಗಿಯೂ ಹೇಳಲಿಲ್ಲ.

ಗುರುವಾರ ಹುಲಗೂರಿನ ಬಸ್ಸಿನಲ್ಲಿ ಇಮಾಂಬಿ ತೊಡೆಯ ಮೇಲೆ ಬಳೆಯ ಗಂಟು ಇಟ್ಟುಕೊಂಡು ದಾರಿಯುದ್ದಕ್ಕೂ ಹಸಿರೋ ಕೆಂಪೋ ಎಂದು ತನ್ನಷ್ಟಕ್ಕೇ ಮಾತಾಡಿಕೊಂಡಳು. ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಿ, ಕೇಳುತ್ತ ಕೇಳುತ್ತ ಗಿರಿಜಾಳ ಗಂಡನ ಮನೆಗೆ ಹೋದೆವು. ಬಾಗಿಲು ತೆರೆದವಳು ಅವಳೇ, ತಲೆಯ ಮೇಲೆ ಸೆರಗು, ಕೈ ತುಂಬ ರೊಟ್ಟಿಯ ಹಿಟ್ಟು. ಇಮಾಂಬಿಯನ್ನು ಕಂಡದ್ದೇ ಹಿಟ್ಟಿನ ಕೈಯಲ್ಲೇ ಅವಳ ಕೊರಳಿಗೆ ಬಿದ್ದಳು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು, ಇಮಾಂಬಿಯ ಬೆನ್ನ ಮೇಲೆ ಹತ್ತು ಬೆರಳೂ ಮೂಡಿದವು. ನಾನು ಎರಡು ಹೆಜ್ಜೆ ಹಿಂದೆ ಬಿಸಿಲ ಕಲ್ಲಿನ ಮೇಲೆ ನಿಂತಿದ್ದೆ. ನಾನೇ ಕೂಡಿಸಲು ಬಂದವಳು, ಆದರೂ ಅವರು ಹಾಗೆ ಅಪ್ಪಿಕೊಂಡು ನಿಂತದ್ದನ್ನು ನೋಡಿ ನನ್ನ ಹೊಟ್ಟೆಯೊಳಗೆ ಆ ಹಳೆಯ ಉರಿಯೇ ಎದ್ದಿತು.

ಗಿರಿಜಾ ಇಮಾಂಬಿಯನ್ನು ಒಳಗೆ ಕಳಿಸಿ ಕಣ್ಣೊರೆಸಿಕೊಂಡಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಕಲ್ಲು ಕಾದೈತಿ," ಅಂದಳು. "ಕಾಲು ಸುಡ್ತಾವು. ಒಳಗ ಬಾ."